ಸಾಲದ ಮೇಲೆ ನಿಂತ ಸೈನ್ಯ: ಸೇನಾಪತಿ ವಾಲೆನ್‌ಸ್ಟೈನ್

ಹದಿನೇಳನೆಯ ಶತಮಾನದ ಆರಂಭದಲ್ಲಿ ಮಧ್ಯ ಯುರೋಪಿನ ಅರಸರಿಗೆ ದೊಡ್ಡ ಖಾಯಂ ಸೈನ್ಯವನ್ನು ಸಾಕುವಷ್ಟು ವರಮಾನ ಇರಲಿಲ್ಲ. ಆದ್ದರಿಂದ ಯುದ್ಧ ಬಂದಾಗಲೆಲ್ಲ ಪಡೆ ಕಟ್ಟುವ ಹೊಣೆಯನ್ನು ಅವರು ಹಣವುಳ್ಳ ದಳಪತಿಗಳಿಗೆ ಗುತ್ತಿಗೆಯಂತೆ ಒಪ್ಪಿಸುತ್ತಿದ್ದರು. ದಳಪತಿ ತನ್ನ ಹಣದಿಂದಲೋ ಸಾಲದಿಂದಲೋ ಸೈನಿಕರನ್ನು ಸೇರಿಸಿ, ಹಾಕಿದ ಬಂಡವಾಳವನ್ನು ಯುದ್ಧದಿಂದಲೇ ಹಿಂದಕ್ಕೆ ಪಡೆಯಲು ನೋಡುತ್ತಿದ್ದನು. ಈ ಪದ್ಧತಿಯನ್ನು ಅದರ ತುತ್ತತುದಿಗೆ ಒಯ್ದು, ಕೊನೆಗೆ ಅದಕ್ಕೇ ಬಲಿಯಾದವನು ಪವಿತ್ರ ರೋಮನ್ ಸಾಮ್ರಾಜ್ಯದ ಸೇನಾಪತಿ ಆಲ್ಬ್ರೆಖ್ಟ್ ಫಾನ್ ವಾಲೆನ್‌ಸ್ಟೈನ್. ಅವನ ಏಳುಬೀಳುಗಳನ್ನು ಅರಿಯಲು ರಣರಂಗದ ವಿವರಗಳಿಗಿಂತ ಲೆಕ್ಕಪುಸ್ತಕವೇ ಹೆಚ್ಚು ನೆರವಾಗುತ್ತದೆ.

ವಾಲೆನ್‌ಸ್ಟೈನ್ 1583ರಲ್ಲಿ ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಸಾಧಾರಣ ಸ್ಥಿತಿಯ ಪ್ರಾಟೆಸ್ಟೆಂಟ್ ಕುಲೀನ ಮನೆತನದಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಯೌವನದಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದನು. 1609ರಲ್ಲಿ ಮೊರಾವಿಯಾದ ಸಿರಿವಂತ ವಿಧವೆ ಲುಕ್ರೀಶಿಯಾಳನ್ನು ಮದುವೆಯಾದ ಅವನಿಗೆ, ಐದು ವರ್ಷಗಳ ನಂತರ ಆಕೆ ತೀರಿಕೊಂಡಾಗ ಆಕೆಯ ವಿಶಾಲ ಜಮೀನು ದಕ್ಕಿತು. 1618ರಲ್ಲಿ ಬೊಹೀಮಿಯಾದ ಪ್ರಾಟೆಸ್ಟೆಂಟ್ ಪ್ರಭುಗಳು ಹ್ಯಾಬ್ಸ್‌ಬರ್ಗ್ ಅರಸರ ವಿರುದ್ಧ ದಂಗೆಯೆದ್ದು ಮೂವತ್ತು ವರ್ಷಗಳ ಯುದ್ಧಕ್ಕೆ ನಾಂದಿ ಹಾಡಿದಾಗ, ಅವನು ತನ್ನ ನಾಡಿನವರ ಪಕ್ಷ ಹಿಡಿಯಲಿಲ್ಲ. ಮೊರಾವಿಯಾದ ಪ್ರಭುಗಳ ಖಜಾನೆಯನ್ನು ಓಲೊಮೌತ್ಸ್ ಪಟ್ಟಣದಿಂದ ಎತ್ತಿಕೊಂಡು ಹ್ಯಾಬ್ಸ್‌ಬರ್ಗರ ರಾಜಧಾನಿ ವಿಯೆನ್ನಾಕ್ಕೆ ನಡೆದನು.

1620ರ ನವೆಂಬರಿನಲ್ಲಿ ಪ್ರಾಗ್ ಬಳಿಯ ಬಿಳಿಬೆಟ್ಟದ ಕದನದಲ್ಲಿ ದಂಗೆಕೋರರು ಸೋತ ಮೇಲೆ ಅವರ ಜಮೀನುಗಳು ಮುಟ್ಟುಗೋಲಾಗಿ ಮಾರಾಟಕ್ಕೆ ಬಂದವು. ಅದೇ ಹೊತ್ತಿಗೆ, 1622ರಲ್ಲಿ, ಬೊಹೀಮಿಯಾದಲ್ಲಿ ನಾಣ್ಯ ಟಂಕಿಸುವ ಹಕ್ಕನ್ನು ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿ ಎರಡನೆಯ ಫರ್ಡಿನೆಂಡ್ ಒಂದು ಕೂಟಕ್ಕೆ ಗುತ್ತಿಗೆ ಕೊಟ್ಟನು. ಆಳುವ ಅಧಿಕಾರಿ ಲಿಕ್ಟೆನ್‌ಸ್ಟೈನ್ ಮತ್ತು ಲೇವಾದೇವಿಗಾರ ಹಾನ್ಸ್ ಡ ವಿಟ್ಟೆಯ ಜೊತೆಗೆ ವಾಲೆನ್‌ಸ್ಟೈನನೂ ಅದರಲ್ಲಿ ಪಾಲುದಾರನಾಗಿದ್ದನು. ಈ ಕೂಟ ನಾಣ್ಯದಲ್ಲಿನ ಬೆಳ್ಳಿಯ ಅಂಶವನ್ನು ಇಳಿಸುತ್ತ ಹೋಯಿತು. ಹಣದ ಬೆಲೆ ಕುಸಿದು ಜನಸಾಮಾನ್ಯರ ಉಳಿತಾಯ ಕರಗಿಹೋಗುತ್ತಿದ್ದಾಗ, ಅದೇ ಸವಕಲು ಹಣ ಕೊಟ್ಟು ಅವನು ಮುಟ್ಟುಗೋಲಾದ ಹತ್ತಾರು ಜಮೀನುಗಳನ್ನು ಕೊಂಡನು. ಉತ್ತರ ಬೊಹೀಮಿಯಾದ ಫ್ರೀಡ್‌ಲಾಂಡ್ ಸಂಸ್ಥಾನ ಹುಟ್ಟಿದ್ದು ಹೀಗೆ. ಅವನ ಸೇನಾ ಪ್ರತಿಭೆಯನ್ನು ಎಷ್ಟೇ ಕೊಂಡಾಡಿದರೂ, ಸಂಪತ್ತಿನ ಈ ಮೂಲವನ್ನು ಮರೆಯುವುದು ನ್ಯಾಯವಲ್ಲ.

1625ರಲ್ಲಿ ಡೆನ್ಮಾರ್ಕಿನ ದೊರೆ ಪ್ರಾಟೆಸ್ಟೆಂಟರ ಪರ ಯುದ್ಧಕ್ಕಿಳಿದಾಗ ಚಕ್ರವರ್ತಿಯ ಬೊಕ್ಕಸ ಬರಿದಾಗಿತ್ತು. ಆಗ ವಾಲೆನ್‌ಸ್ಟೈನ್ ಚಕ್ರವರ್ತಿಯ ಕೈಯಿಂದ ಮುಂಗಡ ಕೇಳದೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಪಡೆಯನ್ನು ಕಟ್ಟಿಕೊಡಲು ಮುಂದೆ ಬಂದನು. ಡ ವಿಟ್ಟೆ ಯುರೋಪಿನ ವ್ಯಾಪಾರಿ ನಗರಗಳಲ್ಲಿ ಸಾಲ ಎತ್ತಿದನು. ರೆಜಿಮೆಂಟುಗಳ ಕರ್ನಲ್‌ಗಳೂ ತಮ್ಮ ಹಣ ಹೂಡಿದರು. ಸಾಲ ತೀರಿಸುವ ದಾರಿಯೆಂದರೆ ಯುದ್ಧವಂತಿಗೆ, ಅಂದರೆ ಸೈನ್ಯ ಬೀಡುಬಿಟ್ಟ ಊರು ಮತ್ತು ಸೀಮೆಗಳಿಂದ ಬೆದರಿಕೆಯ ಬಲದಲ್ಲಿ ನಿಗದಿಪಡಿಸಿ ವಸೂಲು ಮಾಡುವ ನಗದು. ಬಿಡಿಬಿಡಿಯಾದ ಲೂಟಿ ಒಂದೇ ಸುಗ್ಗಿಗೆ ನಾಡನ್ನು ಬರಿದು ಮಾಡುತ್ತಿದ್ದರೆ, ಈ ವಂತಿಗೆ ತಿಂಗಳುಗಟ್ಟಲೆ ಹೀರುವ ವ್ಯವಸ್ಥೆಯಾಗಿತ್ತು. ಶತ್ರುವಿನ ಊರು, ಮಿತ್ರನ ಊರು ಎಂಬ ಭೇದವೂ ಅದಕ್ಕೆ ಇರಲಿಲ್ಲ. ಇತ್ತ ಫ್ರೀಡ್‌ಲಾಂಡಿನಲ್ಲಿ ಅವನು ಧಾನ್ಯ, ಬಿಯರ್, ಬೂಟು, ಬಟ್ಟೆ, ಮದ್ದುಗುಂಡುಗಳನ್ನು ತಯಾರಿಸಿ ತನ್ನದೇ ಸೈನ್ಯಕ್ಕೆ ಮಾರುತ್ತಿದ್ದನು. ಜರ್ಮನಿಯ ರೈತರು ತೆತ್ತ ಹಣದ ಒಂದು ಪಾಲು ಹೀಗೆ ಅವನ ಸಂಸ್ಥಾನದ ಆದಾಯವಾಗಿ ಮರಳುತ್ತಿತ್ತು.

1626ರಲ್ಲಿ ಡೆಸ್ಸೌ ಸೇತುವೆಯ ಬಳಿ ಪ್ರಾಟೆಸ್ಟೆಂಟ್ ಪಕ್ಷದ ದಳಪತಿ ಮಾನ್ಸ್‌ಫೆಲ್ಡನನ್ನು ಸೋಲಿಸಿದ ಬಳಿಕ ಪಡೆಯ ಸಂಖ್ಯೆ ಏರುತ್ತ ಒಂದು ಲಕ್ಷದ ಸುತ್ತ ತಲುಪಿತು. ಚಕ್ರವರ್ತಿಯ ಸಾಲವೂ ಅದರೊಂದಿಗೆ ಬೆಳೆಯಿತು. ಆ ಬಾಕಿಗೆ ಈಡಾಗಿ ಬಾಲ್ಟಿಕ್ ತೀರದ ಮೆಕ್ಲೆನ್‌ಬರ್ಗ್ ಸಂಸ್ಥಾನವನ್ನೇ ಅದರ ವಂಶಪಾರಂಪರ್ಯದ ಅರಸರಿಂದ ಕಿತ್ತು ಅವನಿಗೆ ಕೊಟ್ಟಾಗ, ಕ್ಯಾಥೊಲಿಕ್ ಸಂಸ್ಥಾನಿಕರೂ ಬೆಚ್ಚಿದರು. ಅವರ ಒತ್ತಾಯಕ್ಕೆ ಮಣಿದು ಫರ್ಡಿನೆಂಡ್ 1630ರಲ್ಲಿ ಅವನನ್ನು ವಜಾ ಮಾಡಿದನು. ಸಾಲದ ಸರಪಳಿ ಹರಿದು ದಿವಾಳಿಯಾದ ಡ ವಿಟ್ಟೆ ಪ್ರಾಗ್‌ನಲ್ಲಿ ತನ್ನ ಮನೆಯ ಬಾವಿಗೆ ಹಾರಿ ಸತ್ತನು.

ಅದೇ ಬೇಸಿಗೆಯಲ್ಲಿ ಜರ್ಮನ್ ನೆಲಕ್ಕೆ ಇಳಿದಿದ್ದ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ ಮರುವರ್ಷ ಬ್ರೈಟನ್‌ಫೆಲ್ಡಿನಲ್ಲಿ ಕ್ಯಾಥೊಲಿಕ್ ಪಕ್ಷದ ಸೇನಾಪತಿ ಟಿಲ್ಲಿಯ ಸೈನ್ಯವನ್ನು ನುಚ್ಚುನೂರು ಮಾಡಿದಾಗ, ವಜಾ ಮಾಡಿದವರೇ ವಾಲೆನ್‌ಸ್ಟೈನನನ್ನು ಮತ್ತೆ ಕರೆಯಬೇಕಾಯಿತು. 1632ರಲ್ಲಿ ನ್ಯೂರೆಂಬರ್ಗ್ ಬಳಿ ಕೋಟೆಯಂಥ ಪಾಳೆಯ ಹೂಡಿ, ಕಾದಾಡುವುದಕ್ಕಿಂತ ಹಸಿವೆಯನ್ನು ನೆಚ್ಚಿ ಅವನು ಎದುರಾಳಿಯನ್ನು ಹಿಮ್ಮೆಟ್ಟಿಸಿದನು. ಆ ಬೇಸಿಗೆಯಲ್ಲಿ ಎರಡೂ ಕಡೆಯ ಸಾವಿರಾರು ಜನ ರೋಗಕ್ಕೆ ತುತ್ತಾದರು. ನವೆಂಬರ್ 16ರಂದು ಲ್ಯುಟ್ಸೆನ್ನಿನಲ್ಲಿ ಗುಸ್ತಾವ್ ಮಡಿದರೂ ರಣಭೂಮಿಯನ್ನು ಬಿಟ್ಟು ಸರಿದವನು ವಾಲೆನ್‌ಸ್ಟೈನನೇ.

ನಂತರದ ವರ್ಷ ಸಂಧಿವಾತದಿಂದ ನರಳುತ್ತ ಅವನು ಶತ್ರುಪಕ್ಷದ ಸ್ಯಾಕ್ಸನಿ, ಸ್ವೀಡನ್ನುಗಳೊಂದಿಗೆ ಗುಪ್ತ ಮಾತುಕತೆ ನಡೆಸಿದನು. ಅದು ಶಾಂತಿಯ ಯತ್ನವೋ ದ್ರೋಹವೋ ಎಂಬ ವಾದ ಇಂದಿಗೂ ನಿಂತಿಲ್ಲ. ಎರಡೂ ಅದರಲ್ಲಿ ಬೆರೆತಿದ್ದವೆಂದು ತಿಳಿಯುವುದೇ ಸರಿ. 1634ರ ಜನವರಿಯಲ್ಲಿ ಪಿಲ್ಸೆನ್ನಿನಲ್ಲಿ ಕರ್ನಲ್‌ಗಳು ಅವನಿಗೆ ನಿಷ್ಠೆಯ ಪತ್ರ ಬರೆದುಕೊಟ್ಟದ್ದಕ್ಕೂ ಕಾರಣ ಬರಿಯ ಅಭಿಮಾನವಲ್ಲ: ಅವನು ಹೋದರೆ ತಾವು ಹೂಡಿದ ಹಣ ಮುಳುಗೀತೆಂಬ ಭಯ ಅವರಿಗಿತ್ತು. ಆ ಭಯವನ್ನು ವಿಯೆನ್ನಾ ಅರಿತಿತ್ತು. ಜಮೀನಿನ ಆಸೆ ಎದುರಿಗಿರುತ್ತಲೇ ಗಲ್ಲಾಸ್, ಪಿಕ್ಕೊಲೊಮಿನಿ ಮೊದಲಾದ ದಂಡನಾಯಕರು ಚಕ್ರವರ್ತಿಯ ಪಕ್ಷಕ್ಕೆ ವಾಲಿದರು. ಫೆಬ್ರವರಿ 25ರ ರಾತ್ರಿ ಎಗರ್ ಪಟ್ಟಣದಲ್ಲಿ ಚಕ್ರವರ್ತಿಯ ಪಕ್ಷದ ಅಧಿಕಾರಿಗಳು ವಾಲೆನ್‌ಸ್ಟೈನನ ಆಪ್ತರನ್ನು ಔತಣಕ್ಕೆ ಕರೆದು ಕೊಂದರು. ಬಳಿಕ ಅವರಲ್ಲೊಬ್ಬನಾದ ಕ್ಯಾಪ್ಟನ್ ಡೆವೆರೊ ಮಲಗುವ ಕೋಣೆಗೆ ನುಗ್ಗಿ ಸೇನಾಪತಿಯನ್ನು ಇರಿದನು. ಬಹಿರಂಗ ವಿಚಾರಣೆಯೆಂಬುದು ನಡೆಯಲೇ ಇಲ್ಲ. ಫ್ರೀಡ್‌ಲಾಂಡ್ ಗಲ್ಲಾಸನ ಪಾಲಾಯಿತು, ಉಳಿದ ಆಸ್ತಿ ಇತರ ಅಧಿಕಾರಿಗಳ ಕೈಸೇರಿತು, ಯುದ್ಧ ಇನ್ನೂ ಹದಿನಾಲ್ಕು ವರ್ಷ ನಡೆಯಿತು.