ಕಾರಿನ ಗ್ಲಾಸು ಏರಿಸಿದ ಕೈಗಳು

ಕಳೆದ ಮಳೆಗಾಲದಲ್ಲಿ ನಾವು ಸುದ್ದಿಗೆ ಓಡಾಡುವ ಹಳೆಯ ಕಾರಿನ ಗ್ಲಾಸು ದಡಕ್ಕನೆ ಬಾಗಿಲೊಳಗೆ ಬಿತ್ತು. ಹ್ಯಾಂಡಲ್ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಕೆಟ್ಟಿದ್ದು ರೆಗ್ಯುಲೇಟರ್. ಗ್ಯಾರೇಜಿನವರ ಮಾತಿನಲ್ಲಿ ವಿಂಡೋ ಮಷಿನ್. ಅದಕ್ಕೂ ಒಂದು ಚರಿತ್ರೆ ಇದೆ.

ಮೊದಮೊದಲ ಮುಚ್ಚಿದ ಕಾರುಗಳಲ್ಲಿ ಗ್ಲಾಸಿಗೆ ಚರ್ಮದ ಪಟ್ಟಿ ಇರುತ್ತಿತ್ತು. ಹಳೆಯ ರೈಲು ಡಬ್ಬಿಗಳ ಹಾಗೆ ಎಳೆದು ಏರಿಸಬೇಕು. ಆಮೇಲೆ ಹ್ಯಾಂಡಲ್, ಹಲ್ಲುಚಕ್ರ, ಕತ್ತರಿಯಂತೆ ಮಡಚುವ ತೋಳುಗಳು ಬಂದವು. ಕೆಲವು ಗಾಡಿಗಳಲ್ಲಿ ತೋಳಿನ ಬದಲು ಕೇಬಲ್. ಅಮೆರಿಕದ ಪ್ಯಾಕರ್ಡ್ ಕಂಪನಿ 1941ರ ಮಾದರಿಯಲ್ಲೇ ಸ್ವಿಚ್ ಒತ್ತಿದರೆ ಏರುವ ಗ್ಲಾಸು ತಂದಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೂ ಕೈ ಹ್ಯಾಂಡಲೇ ಇತ್ತು.

ಆ ಹ್ಯಾಂಡಲ್ ಕಾಲ ಊರೂರಿಗೆ ರಿಪೇರಿ ಕಲಿಸಿತು. ಹ್ಯಾಂಡಲಿನ ಹಿಂದೆ ಬಟ್ಟೆ ಚೂರು ತೂರಿಸಿ ಆಚೀಚೆ ಎಳೆದರೆ ಲಾಕ್ ಕ್ಲಿಪ್ ಕಳಚುತ್ತದೆ. ನಮಗೆ ಇದನ್ನು ಹೇಳಿಕೊಟ್ಟವರು ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಗ್ಲಾಸನ್ನು ಮೇಲೆತ್ತಿ ಟೇಪು ಅಂಟಿಸಿ ನಿಲ್ಲಿಸಿದೆವು. ಬಾಗಿಲ ಒಳಹಲಗೆ ಬಿಚ್ಚಿ ನೋಡಿದರೆ ಹಲ್ಲು ಸವೆದಿತ್ತು. ಬೇರೆ ಮಷಿನ್ ಕೂರಿಸಿ, ಗ್ರೀಸ್ ಹಚ್ಚಿ, ಸಂಜೆಯೊಳಗೆ ಏರಿಸಿದೆವು.

ಈಗಿನ ಪವರ್ ವಿಂಡೋದಲ್ಲೂ ಒಳಗಿರುವುದು ಅದೇ ತೋಳು, ಇಲ್ಲವೇ ಅದೇ ಕೇಬಲ್. ಕೈಯ ಜಾಗದಲ್ಲಿ ಮೋಟಾರು ಕೂತಿದೆ, ಅಷ್ಟೇ. ಅದು ಬೆರಳನ್ನು ನೋಡುವುದಿಲ್ಲ. ಕೈ ಹಾಕುವ ಮೊದಲು ಬ್ಯಾಟರಿ ವೈರ್ ತೆಗೆಯಿರಿ, ಮಕ್ಕಳನ್ನು ದೂರ ಇಡಿ.

ಬಟ್ಟೆ ಚೂರಿನ ಉಪಾಯ ನಮಗೆ ಯಾವ ಪುಸ್ತಕದಲ್ಲೂ ಸಿಕ್ಕಿದ್ದಲ್ಲ. ನಿಮ್ಮೂರಿನ ಹಿರಿಯ ಮೆಕ್ಯಾನಿಕ್ ಬಳಿ ಇನ್ನೇನಿದೆಯೋ, ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.