ಕಂಪನಿ ಕೈ ಬದಲಾಯ್ತು, ಕಡತ ರದ್ದಿಗೆ ಹೋಯ್ತು

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ಕೆಲಸ ಮಾಡ್ತಿದ್ದ ಸಣ್ಣ ಕಾರ್ಖಾನೆಯನ್ನು ಬೇರೆಯವರು ಕೊಂಡ್ರು. ಪಿಎಫ್‌ಗೆ ಹಳೇ ಸರ್ವೀಸ್ ದಾಖಲೆ ಬೇಕಾಯ್ತು. ಹೊಸ ಮಾಲೀಕರು "ಅದೆಲ್ಲ ಹಳಬರ ಹತ್ರ ಇದೆ" ಅಂದ್ರು. ಹಳಬರು "ಬೀರು ಸಮೇತ ಅವರಿಗೇ ಕೊಟ್ವಲ್ಲ" ಅಂದ್ರು. ಇವರಿಬ್ಬರ ನಡುವೆ ಅಪ್ಪನ 11 ವರ್ಷದ ದುಡಿಮೆಗೆ ಲೆಕ್ಕವೇ ಇಲ್ಲದಂತಾಯ್ತು.

ಇದು ಹಳೇ ರೋಗ. ಈಸ್ಟ್ ಇಂಡಿಯಾ ಕಂಪನಿಯನ್ನೇ ನೋಡಿ. 1858ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಆಡಳಿತವನ್ನು ಕಂಪನಿಯಿಂದ ತನ್ನ ಕೈಗೆ ತಗೊಂಡಿತು. ಷೇರುದಾರರ ಲೆಕ್ಕ ಮಾತ್ರ ಮೊದಲೇ ಪಕ್ಕಾ ಆಗಿತ್ತು. ವರ್ಷಕ್ಕೆ ಶೇ. 10.5 ಡಿವಿಡೆಂಡ್, ಮುಂದೆ ಷೇರು ವಾಪಸ್ ತಗೊಂಡರೆ 100 ಪೌಂಡಿಗೆ 200 ಪೌಂಡ್ ಅಂತ 1833ರ ಕಾಯ್ದೆಯಲ್ಲೇ ಬರೆದಿತ್ತು. 1874ರಲ್ಲಿ ಕಂಪನಿ ಪೂರ್ತಿ ಮುಚ್ಚುವವರೆಗೂ ಆ ಡಿವಿಡೆಂಡ್ ಹೋಗ್ತಾನೇ ಇತ್ತು. ಅದೂ ಭಾರತದ ಆದಾಯದಿಂದ!

ಕಡತಗಳ ಗತಿ? ಲಂಡನ್‌ನ ಲೀಡನ್‌ಹಾಲ್ ಸ್ಟ್ರೀಟ್‌ನ ಹಳೇ ಕಚೇರಿ ಖಾಲಿ ಮಾಡುವ ಹೊತ್ತಿಗೆ, ಬೇಡದ್ದು ಅಂತ ಸುಮಾರು 300 ಟನ್ ಕಾಗದವನ್ನು ರದ್ದಿಗೆ ಹಾಕಿದ್ರು. ಉಳಿದದ್ದು ಆಮೇಲಿನ ಇಂಡಿಯಾ ಆಫೀಸ್ ಕಡತಗಳ ಜೊತೆ ಸೇರಿ ಬ್ರಿಟಿಷ್ ಲೈಬ್ರರಿಯಲ್ಲಿ ಸುಮಾರು 14 ಕಿ.ಮೀ. ಉದ್ದದ ಕಪಾಟು ತುಂಬಿದೆ. ನಮ್ಮ ಮೈಸೂರು ಯುದ್ಧಗಳ ಕಡತಗಳೂ ಅಲ್ಲಿವೆ, ಇವತ್ತು ಸಂಶೋಧಕರು ಹೋಗಿ ಓದಬಹುದು. ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನಿಸಿದ್ದು ಮಾತ್ರ ಕಡತ ಕೈಯಲ್ಲಿದ್ದವರು. ಅದರಲ್ಲಿ ಹೆಸರಿದ್ದವರನ್ನು ಯಾರೂ ಕೇಳಲಿಲ್ಲ.

ಈಗ ನಮ್ಮಲ್ಲಿ ಕಾನೂನಿದೆ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷ ಇಡಬೇಕು. 239ನೇ ಸೆಕ್ಷನ್ ಇನ್ನೂ ಬಿಗಿ: ವಿಲೀನವಾದ ಕಂಪನಿಯ ಪುಸ್ತಕ, ಕಾಗದಗಳನ್ನು ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ವಿಲೇವಾರಿ ಮಾಡುವಂತಿಲ್ಲ. ಆದ್ರೆ ಅಪ್ಪನ ಕಾರ್ಖಾನೆ ಕಂಪನಿಯೇ ಅಲ್ಲ, ಪಾರ್ಟ್‌ನರ್‌ಶಿಪ್ ಫರ್ಮ್. ಈ ಸೆಕ್ಷನ್‌ಗಳು ಅಲ್ಲಿಗೆ ಬರಲ್ಲ.

ಹಾಗಾಗಿ ಮಾರಾಟದ ಕರಾರಿನಲ್ಲೇ ಮೂರು ಮಾತು ಬರೀಬೇಕು. ಕಡತ ಯಾರ ಹತ್ರ ಇರುತ್ತೆ, ಎಷ್ಟು ವರ್ಷ ಇರುತ್ತೆ, ಕೇಳಿದ್ರೆ ಯಾರಿಗೆ ನಕಲು ಕೊಡಬೇಕು. ಯಂತ್ರಗಳ ಪಟ್ಟಿ ಮಾಡೋರಿಗೆ ಇದು ಅರ್ಧ ಪುಟದ ಕೆಲಸ.

ಕೊನೆಗೆ ಅಪ್ಪನನ್ನು ಕಾಪಾಡಿದ್ದು ಅಮ್ಮ ಟ್ರಂಕಿನಲ್ಲಿಟ್ಟಿದ್ದ ಸಂಬಳದ ಚೀಟಿಗಳು. 11 ವರ್ಷದಲ್ಲಿ 7 ವರ್ಷ ವಾಪಸ್ ಸಿಕ್ತು. ನಿಮ್ಮ ಸ್ಯಾಲರಿ ಸ್ಲಿಪ್ ಆಫೀಸ್ ಮೇಲ್‌ನಲ್ಲಿ ಮಾತ್ರ ಇದ್ರೆ, ಇವತ್ತೇ ಡೌನ್‌ಲೋಡ್ ಮಾಡ್ಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.