ಉಪಗ್ರಹ ಚಿತ್ರಮಾಲೆಯನ್ನು ಕಡಿಮೆ ಸ್ಮೃತಿಯ ಗಣಕಯಂತ್ರದಲ್ಲಿ ನಿರ್ವಹಿಸುವ ವಿಧಾನ: ಅಪ್ಸರಕೊಂಡ ಕಡಲತೀರದ ಉದಾಹರಣೆ

ಪೀಠಿಕೆ
ಕಡಲ್ಕೊರೆತ ಹಾಗೂ ಅಳಿವೆಯ ಬದಲಾವಣೆಗಳನ್ನು ಅರಿಯಲು ಒಂದೇ ಸ್ಥಳದ ಹಲವು ದಿನಾಂಕಗಳ ಉಪಗ್ರಹ ಚಿತ್ರಗಳನ್ನು ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ. ಇಂತಹ ಚಿತ್ರಗಳನ್ನು ಕೋರುವ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿಗಳು ಹಾಗೂ ಮೀನುಗಾರರ ಸಂಘಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೊನ್ನಾವರ ತಾಲ್ಲೂಕಿನಲ್ಲಿ ಶರಾವತಿ ಅಳಿವೆಯಿಂದ ದಕ್ಷಿಣಕ್ಕೆ ಅಪ್ಸರಕೊಂಡದವರೆಗಿನ ತೀರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಚಿತ್ರಗಳ ಲಭ್ಯತೆ
ಭಾರತೀಯ ಬಾಹ್ಯಾಕಾಶ ನೀತಿ 2023ರ ಪ್ರಕಾರ 5 ಮೀಟರ್ ಹಾಗೂ ಅದಕ್ಕಿಂತ ಸ್ಥೂಲವಾದ ಸ್ಪಷ್ಟತೆಯ ಭಾರತೀಯ ಉಪಗ್ರಹ ದತ್ತಾಂಶವು ಉಚಿತವಾಗಿದೆ. ಇದು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದ ‘ಭೂನಿಧಿ’ ಜಾಲತಾಣದಲ್ಲಿ ದೊರೆಯುತ್ತದೆ. ಯುರೋಪಿನ ಸೆಂಟಿನೆಲ್-2 ಚಿತ್ರಗಳೂ ಉಚಿತವಾಗಿವೆ.

ಗಾತ್ರದ ಲೆಕ್ಕ
ಸೆಂಟಿನೆಲ್-2ರ 10 ಮೀಟರ್ ಸ್ಪಷ್ಟತೆಯ ಒಂದು ಚಿತ್ರದಲ್ಲಿ 10,980 ಸಾಲುಗಳೂ ಅಷ್ಟೇ ಕಂಬಗಳೂ ಇರುತ್ತವೆ. ಪ್ರತಿ ಪಿಕ್ಸೆಲ್‌ಗೆ 2 ಬೈಟ್‌ನಂತೆ ಒಂದು ಬ್ಯಾಂಡ್‌ಗೆ ಸುಮಾರು 241 ಎಂ.ಬಿ. ಸ್ಮೃತಿ ಬೇಕು. ನೀರು ಮತ್ತು ನೆಲವನ್ನು ಬೇರ್ಪಡಿಸಲು ಹಸಿರು ಹಾಗೂ ಸಮೀಪ ಅವಕೆಂಪು ಬ್ಯಾಂಡ್‌ಗಳೆರಡು ಅಗತ್ಯ. 5 ದಿನಗಳಿಗೊಮ್ಮೆಯಂತೆ ವರ್ಷಕ್ಕೆ 73 ಚಿತ್ರಗಳಾದರೆ ಒಟ್ಟು ಸುಮಾರು 35 ಜಿ.ಬಿ. ಆಗುತ್ತದೆ. 4 ಜಿ.ಬಿ. ಸ್ಮೃತಿಯ ಗಣಕಯಂತ್ರವು ಇಷ್ಟನ್ನು ಒಮ್ಮೆಲೇ ತೆರೆಯಲಾರದು. ಕಡತವು ಸಂಕುಚಿತ ರೂಪದಲ್ಲಿರುವುದರಿಂದ ಡಿಸ್ಕ್‌ನಲ್ಲಿ ಚಿಕ್ಕದಾಗಿ ಕಂಡರೂ ತೆರೆದಾಗ ಪೂರ್ಣ ಗಾತ್ರಕ್ಕೆ ಹಿಗ್ಗುತ್ತದೆ ಎಂಬುದನ್ನು ಗಮನಿಸುವುದು.

ಅನುಸರಿಸಬೇಕಾದ ಕ್ರಮ
1. ಅಗತ್ಯವಿರುವ ಪ್ರದೇಶದ ಅಕ್ಷಾಂಶ, ರೇಖಾಂಶಗಳನ್ನು ಮೊದಲೇ ಗುರುತಿಸಿಕೊಂಡು ಆ ಭಾಗವನ್ನು ಮಾತ್ರ ಓದತಕ್ಕದ್ದು. ಮೇಲಿನ ತೀರಕ್ಕೆ 5 ಕಿ.ಮೀ. ಅಗಲ, 10 ಕಿ.ಮೀ. ಉದ್ದ ಸಾಕು. ಇದು ಬ್ಯಾಂಡ್‌ಗೆ 1 ಎಂ.ಬಿ. ಆಗಿದ್ದು, ಇಡೀ ವರ್ಷಕ್ಕೆ 146 ಎಂ.ಬಿ. ಮಾತ್ರ ಆಗುತ್ತದೆ. ಉಚಿತ ತಂತ್ರಾಂಶಗಳಾದ ಕ್ಯೂಜಿಐಎಸ್ ಮತ್ತು ಜಿಡಾಲ್‌ಗಳಲ್ಲಿ ಈ ಸೌಲಭ್ಯವಿದೆ.
2. ಮಳೆಗಾಲದಲ್ಲಿ ಮೋಡ ಮುಸುಕಿದ ಚಿತ್ರಗಳನ್ನು ಇಳಿಸಿಕೊಳ್ಳುವ ಮೊದಲೇ ಕೈಬಿಡುವುದು. ಪ್ರತಿ ಚಿತ್ರದ ವಿವರದಲ್ಲಿ ಮೋಡದ ಶೇಕಡಾವಾರು ನಮೂದಾಗಿರುತ್ತದೆ.
3. ಪೂರ್ಣ ಚಿತ್ರವೇ ಬೇಕಾದಲ್ಲಿ 512 × 512 ಪಿಕ್ಸೆಲ್‌ಗಳ ತುಂಡುಗಳಾಗಿ ಓದುವುದು. ಒಂದು ತುಂಡಿಗೆ 73 ದಿನಾಂಕಗಳ ಎರಡೂ ಬ್ಯಾಂಡ್‌ಗಳು ಸೇರಿ ಸುಮಾರು 77 ಎಂ.ಬಿ. ಸಾಕು. ಫಲಿತಾಂಶವನ್ನು ಡಿಸ್ಕ್‌ಗೆ ಬರೆದ ನಂತರ ಮುಂದಿನ ತುಂಡನ್ನು ತೆಗೆದುಕೊಳ್ಳುವುದು.
4. ಸರಾಸರಿ ಮಾತ್ರ ಬೇಕಿದ್ದಲ್ಲಿ ಮೊತ್ತ ಮತ್ತು ಎಣಿಕೆಯನ್ನಷ್ಟೇ ಇಟ್ಟುಕೊಂಡು ಚಿತ್ರಗಳನ್ನು ಒಂದೊಂದಾಗಿ ಓದಿ ಬಿಡುವುದು.
5. ಸ್ಮೃತಿ ಉಳಿಸಲು 2 ಬೈಟ್‌ನ ಧನ ಪೂರ್ಣಾಂಕಗಳಲ್ಲೇ ವ್ಯವಕಲನ ಮಾಡಬಾರದು. ನೆಲದ ಮೇಲೆ ಹಸಿರಿನಿಂದ ಅವಕೆಂಪನ್ನು ಕಳೆದಾಗ ಋಣ ಸಂಖ್ಯೆ ಬರಬೇಕಾದಲ್ಲಿ ದೊಡ್ಡ ಧನ ಸಂಖ್ಯೆ ಬಂದು, ನೆಲವು ನೀರೆಂದು ದಾಖಲಾಗುವ ಸಂಭವವಿದೆ. ಲೆಕ್ಕದ ಹಂತದಲ್ಲಿ ಮಾತ್ರ 4 ಬೈಟ್‌ನ ದಶಮಾಂಶ ರೂಪಕ್ಕೆ ಪರಿವರ್ತಿಸುವುದು.

ವಿಶೇಷ ಸೂಚನೆ
ಮಳೆಗಾಲದಲ್ಲಿ ಕೊಚ್ಚಿಹೋದ ಮರಳು ಬೇಸಿಗೆಯ ವೇಳೆಗೆ ಬಹುಮಟ್ಟಿಗೆ ಮರಳುವುದರಿಂದ, ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಹೋಲಿಸುವಾಗ ಒಂದೇ ಋತುವಿನ, ಸಾಧ್ಯವಾದಷ್ಟು ಒಂದೇ ಭರತ-ಇಳಿತದ ಮಟ್ಟದ ಚಿತ್ರಗಳನ್ನು ಆಯ್ದುಕೊಳ್ಳುವುದು. ಒಂದು ಪಿಕ್ಸೆಲ್ 10 ಮೀಟರ್ ಇರುವುದರಿಂದ ಕೆಲವೇ ಮೀಟರ್‌ಗಳ ಕೊರೆತವನ್ನು ಇದರಿಂದ ಖಚಿತಪಡಿಸಲಾಗದು. ತೀರದ ಮನೆ ಅಥವಾ ಜಮೀನು ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದೆಯೇ ಎಂಬುದು 2019ರ ಅಧಿಸೂಚನೆಯಂತೆ ಗುರುತಿಸಲಾದ ಉಬ್ಬರ ರೇಖೆ ಹಾಗೂ ಅನುಮೋದಿತ ನಕ್ಷೆಯಿಂದಲೇ ನಿರ್ಧಾರವಾಗತಕ್ಕದ್ದು. ಆದುದರಿಂದ ಸ್ವಂತ ಲೆಕ್ಕದ ಚಿತ್ರವನ್ನು ಅರ್ಜಿಯೊಂದಿಗೆ ಲಗತ್ತಿಸುವವರು ಚಿತ್ರದ ದಿನಾಂಕ, ಉಪಗ್ರಹದ ಹೆಸರು ಹಾಗೂ ಸ್ಪಷ್ಟತೆಯನ್ನು ತಪ್ಪದೆ ನಮೂದಿಸಲು ಕೋರಲಾಗಿದೆ.